ಜೀವಂತ ಉಯಿಲು: ಹಳದೀಪುರದ ಅರುಣಾ ನೆನಪಿನಲ್ಲಿ

ಉಯಿಲು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಊರಿನ ಗದ್ದೆ, ಇಲ್ಲಿನ ಫ್ಲ್ಯಾಟು, ಬ್ಯಾಂಕಿನ ಠೇವಣಿ. ಇವೆಲ್ಲ ಸತ್ತ ಮೇಲಿನ ಮಾತು. ಉಸಿರಿದ್ದೂ ಮಾತಾಡುವ ಶಕ್ತಿ ಇಲ್ಲದಾಗ ನಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ತಿಳಿಸುವ ಇನ್ನೊಂದು ಉಯಿಲಿದೆ. ಅದೇ ಜೀವಂತ ಉಯಿಲು ಅಥವಾ ಲಿವಿಂಗ್ ವಿಲ್. ಶಿಕಾಗೋದ ವಕೀಲ ಲೂಯಿಸ್ ಕಟ್ನರ್ 1969ರಲ್ಲಿ ಲೇಖನವೊಂದರಲ್ಲಿ ಈ ವಿಚಾರವನ್ನು ಮುಂದಿಟ್ಟರು. 1976ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ನಮ್ಮ ದೇಶದಲ್ಲಿ ಈ ಚರ್ಚೆ ಜನಸಾಮಾನ್ಯರವರೆಗೆ ಬಂದದ್ದು ಮಾತ್ರ ನಮ್ಮ ನಾಡಿನ ಹೆಣ್ಣುಮಗಳೊಬ್ಬಳ ದುರಂತದಿಂದ.

ಅರುಣಾ ರಾಮಚಂದ್ರ ಶಾನಭಾಗ ಹೊನ್ನಾವರ ತಾಲೂಕಿನ ಹಳದೀಪುರದವರು. ನಮ್ಮಲ್ಲಿ ಅನೇಕರಂತೆ ಮುಂಬಯಿಗೆ ಬಂದು ದುಡಿಮೆ ಹಿಡಿದವರು, ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅಲ್ಲಿನ ನೌಕರನೊಬ್ಬ ನಾಯಿಯ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಹಲ್ಲೆ ಮಾಡಿದ. ಮಿದುಳಿಗೆ ಪ್ರಾಣವಾಯು ತಲುಪದೆ ಅರಿವು ಅಳಿಯಿತು. ಆಗ ಅವರಿಗೆ 25 ವರ್ಷ. 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ, 41 ವರ್ಷಕ್ಕೂ ಮಿಕ್ಕಿ, ಅದೇ ಆಸ್ಪತ್ರೆಯ ದಾದಿಯರು ಉಣಿಸಿ, ಮೈ ತೊಳೆದು ಅವರನ್ನು ನೋಡಿಕೊಂಡರು.

ಆಹಾರ ನಿಲ್ಲಿಸಿ ಅವರನ್ನು ಶಾಂತಿಯಿಂದ ಸಾಯಗೊಡಿ ಎಂದು ಪತ್ರಕರ್ತೆ ಪಿಂಕಿ ವಿರಾಣಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ದಾದಿಯರು ಕೂಡದು ಎಂದರು. ಎರಡು ಕಡೆಯೂ ಇದ್ದದ್ದು ಮರುಕವೇ. ಆದರೆ ಹೇಳಬೇಕಾದ ಅರುಣಾ ಹೇಳಲಾರರು. 2011ರ ಮಾರ್ಚ್ 7ರ ತೀರ್ಪು ಆ ಅರ್ಜಿಯನ್ನು ಒಪ್ಪಲಿಲ್ಲ. ಅಷ್ಟು ಕಾಲ ಆರೈಕೆ ಮಾಡಿದ ಆಸ್ಪತ್ರೆಯವರೇ ಅವರ ಪರವಾಗಿ ಮಾತಾಡತಕ್ಕವರು ಎಂದಿತು. ಜೊತೆಗೆ, ಇಂಥ ಪ್ರಕರಣಗಳಲ್ಲಿ ಉಚ್ಚ ನ್ಯಾಯಾಲಯದ ಅನುಮತಿ ಪಡೆದು ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದೆಂದು ದಾರಿ ತೆರೆಯಿತು.

2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಘನತೆಯ ಸಾವೂ ಜೀವಿಸುವ ಹಕ್ಕಿನ ಭಾಗವೆಂದು ಸಾರಿ ಜೀವಂತ ಉಯಿಲಿಗೆ ಮಾನ್ಯತೆ ಕೊಟ್ಟಿತು. ಆದರೆ ಅದಕ್ಕೆ ಮ್ಯಾಜಿಸ್ಟ್ರೇಟರ ರುಜು ಬೇಕಿತ್ತು, ಯಾರು ಅಲೆಯುತ್ತಾರೆ? 2023ರ ಜನವರಿ 24ರಂದು ನಿಯಮ ಸಡಿಲವಾಯಿತು. ಈಗ ಇಬ್ಬರು ಸಾಕ್ಷಿಗಳ ಎದುರು ರುಜು ಹಾಕಿ, ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಣ ಪಡೆದರೆ ಸಾಕು. ಅರ್ಜಿಗಳ ನಡುವೆಯೇ ಕೂದಲು ನರೆತ ನಮ್ಮಂಥ ಗುಮಾಸ್ತರಿಗೆ ಇದೇನು ದೊಡ್ಡ ಕೆಲಸವಲ್ಲ. ನಮ್ಮ ಪರವಾಗಿ ನಿರ್ಧರಿಸತಕ್ಕವರ ಹೆಸರುಗಳನ್ನೂ ಅದರಲ್ಲಿ ಬರೆಯಬೇಕು. ಒಂದು ಪ್ರತಿ ಸ್ಥಳೀಯ ಸಂಸ್ಥೆಗೆ ಸಲ್ಲತಕ್ಕದ್ದು. ಖಾರಘರದವರಾದ ನಮಗೆ ಅದು ಪನವೇಲ್ ಮಹಾನಗರಪಾಲಿಕೆ. ಮನಸ್ಸು ಬದಲಾದರೆ ಬರೆದುಕೊಟ್ಟು ರದ್ದು ಮಾಡಬಹುದು. 2025ರ ಜನವರಿಯಲ್ಲಿ ಕರ್ನಾಟಕ ಸರಕಾರವೂ ಈ ತೀರ್ಪಿನ ಜಾರಿಗಾಗಿ ಸುತ್ತೋಲೆ ಹೊರಡಿಸಿದೆ.

ಹಾಗಾದರೆ ವೈದ್ಯರು ಬೇಗ ಕೈಬಿಟ್ಟಾರೆಂಬ ಭಯ ಕೆಲವರಿಗಿದೆ. ವಾಸಿಯಾಗುವ ಭರವಸೆ ಇರುವವರೆಗೆ ಈ ಪತ್ರಕ್ಕೆ ಕೆಲಸವೇ ಇಲ್ಲ. ಎರಡು ವೈದ್ಯ ಮಂಡಳಿಗಳು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಸೂಜಿಮದ್ದು ಕೊಟ್ಟು ಜೀವ ತೆಗೆಯುವುದು ಇಂದಿಗೂ ಅಪರಾಧವೇ. ನೋವು ಶಮನದ ಆರೈಕೆ ಮಾತ್ರ ಕೊನೆಯವರೆಗೂ ಸಲ್ಲಬೇಕಾದದ್ದು.

ಹೊರನಾಡಿನಲ್ಲಿರುವ ನಮಗೆ ಇದು ಇನ್ನೂ ಅಗತ್ಯ. ಮಗ ಪುಣೆಯಲ್ಲಿ, ಮಗಳು ಅಮೆರಿಕದಲ್ಲಿ, ಅಣ್ಣತಮ್ಮಂದಿರು ಊರಲ್ಲಿ. ತೀವ್ರ ನಿಗಾ ಘಟಕದ ಬಾಗಿಲಲ್ಲಿ ಫೋನಿನ ಮೇಲೆ ನಿರ್ಧರಿಸಬೇಕಾದಾಗ ಒಬ್ಬರು ಹೂಂ ಅಂದರೆ ಇನ್ನೊಬ್ಬರು ಬೇಡ ಅನ್ನುತ್ತಾರೆ. ಆ ಮುನಿಸು ತಿಥಿಯ ನಂತರವೂ ಉಳಿಯುತ್ತದೆ. ಈ ಹಬ್ಬಕ್ಕೆ ಮಕ್ಕಳು ಮನೆಗೆ ಬಂದಾಗ, ಊಟ ಮುಗಿದ ಮೇಲೆ, ಈ ಮಾತೆತ್ತೋಣ. ಅಪಶಕುನವೆಂದು ಯಾರಾದರೂ ತಡೆದರೆ, ಹಳದೀಪುರದ ಆ ದಾದಿಯ ಕಥೆ ಹೇಳೋಣ.