ವಾಲ್ವ್‌ಸೆಟ್ಟಿನ ಕಾಲದ ಧ್ವನಿವರ್ಧಕಗಳು

ಕೊಟ್ಟೂರೇಶ್ವರ ರಥೋತ್ಸವ, ಹಡಗಲಿ ತಾಲ್ಲೂಕಿನ ಮೈಲಾರ ಜಾತ್ರೆ, ಊರೂರಿನ ಬಯಲಾಟ ನಮ್ಮ ಭಾಗದ ದೊಡ್ಡ ಜನಸಂದಣಿಗಳು. ಟ್ರಾನ್ಸಿಸ್ಟರ್ ಬರುವ ಮುನ್ನ ಧ್ವನಿವರ್ಧಕವೆಂದರೆ ಗಾಜಿನ ವಾಲ್ವ್‌ಗಳ ಆಂಪ್ಲಿಫೈಯರ್. 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಿಂದ ರೇಡಿಯೊ ವಾಲ್ವ್‌ಗಳನ್ನು ಇಲ್ಲಿಯೇ ತಯಾರಿಸತೊಡಗಿತು.

ಒಂದೇ ಔಟ್‌ಪುಟ್ ವಾಲ್ವಿನ ಸೆಟ್ಟು ಕೊಡುವುದು ಕೋಣೆಗೆ ಸಾಲುವಷ್ಟು ಕೆಲವೇ ವಾಟ್. ಎರಡು ವಾಲ್ವ್‌ಗಳು ಜೊತೆಯಾಗಿ ದುಡಿಯುವ ಪುಶ್‌ಪುಲ್ ಸೆಟ್ಟಿನಲ್ಲಿ ಇಎಲ್ 34 ಜೋಡಿಯಿದ್ದರೆ ಸುಮಾರು 35 ವಾಟ್ ಸಿಗುತ್ತದೆ. ಬಯಲಿಗೆ ಇದೇ ಬೇಕು. ಹಾರ್ನ್ ಕಡಿಮೆ ವಾಟಿನಲ್ಲೂ ಮಾತನ್ನು ದೂರ ಮುಟ್ಟಿಸುತ್ತದೆ. ಮದ್ದಳೆಯ ದಪ್ಪ ನಾದ ಮಾತ್ರ ಅದರಲ್ಲಿ ಸೊರಗುತ್ತದೆ.

ಜಾಣ್ಮೆಯೆಲ್ಲ ಜೋಡಣೆಯಲ್ಲಿ. 16 ಓಮ್‌ನ ಎರಡು ಹಾರ್ನ್‌ಗಳನ್ನು ಸಮಾಂತರವಾಗಿ ಸೇರಿಸಿದರೆ 8 ಓಮ್. ಸೆಟ್ಟಿನ ಹಿಂಬದಿಯ 8 ಓಮ್ ತಿರುಪಿಗೇ ತಂತಿ ಕಟ್ಟಬೇಕು. ತಂತಿ ಕಳಚಿದ್ದಾಗ ಧ್ವನಿ ಏರಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟು, ಆಟ ನಡುರಾತ್ರಿಯಲ್ಲೇ ನಿಂತೀತು.

ನಾವು ಹತ್ತನೆಯ ತರಗತಿಯಲ್ಲಿ ಓದುವ ರೋಧಕಗಳ ಸಮಾಂತರ ಜೋಡಣೆ ಇದೇ. ಮೈಕ್‌ಸೆಟ್ಟಿನವರು ಅದನ್ನು ಕೈಕೆಲಸದಲ್ಲಿ ಕಲಿತರು. ಊರಿನ ಚರಿತ್ರೆಯಲ್ಲಿ ಅವರ ಹೆಸರಿಲ್ಲ. ವಿದ್ಯಾರ್ಥಿಗಳೇ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಯಾವ ಕಡೆಯವರೇ ಆಗಿರಿ, ನಿಮ್ಮೂರಿನ ಹಳೆಯ ಮೈಕ್‌ಸೆಟ್ಟಿನ ಅಜ್ಜನನ್ನು ಕೇಳಿ ಬರೆದಿಡಿ.