ಶಾಂತಸಾಗರದ ಆನೆಕಾಲು

ಭೂಗೋಳದ ಪಾಠ ಮಾಡುವಾಗ ಶಾಂತಸಾಗರದ ದ್ವೀಪಗಳನ್ನು ಚುಕ್ಕೆಗಳೆಂದು ತೋರಿಸಿ ನಾವು ಮುಂದೆ ಹೋಗಿಬಿಡುತ್ತೇವೆ. ಸಮೋವಾ, ಟೊಂಗಾ, ಫಿಜಿ, ನಿಯುವೆ. ಆ ಚುಕ್ಕೆಗಳಲ್ಲೂ ಮನೆಗಳುಂಟು, ತೆಂಗಿನ ಮರಗಳುಂಟು, ಸೊಳ್ಳೆಗಳುಂಟು. ಕಲಬುರ್ಗಿ, ಬೀದರ್ ಕಡೆಯವರು ಬಲ್ಲ ಆನೆಕಾಲು ರೋಗವೂ ಅಲ್ಲಿ ತಲೆಮಾರುಗಳಿಂದ ಬೇರೂರಿತ್ತು.

ದಾರದಂಥ ಹುಳು ಮೈಯೊಳಗೆ ವರ್ಷಗಟ್ಟಲೆ ಬದುಕಿ, ಅದರ ಮರಿಗಳು ರಕ್ತಕ್ಕೆ ಸೇರಿ, ಸೊಳ್ಳೆಯ ಮೂಲಕ ಇನ್ನೊಬ್ಬರನ್ನು ಹೊಗುತ್ತವೆ. ಆ ಹುಳು ಸೊಳ್ಳೆಯೊಳಗೆ ಬೆಳೆಯುವುದನ್ನು 1877ರಲ್ಲಿ ಚೀನಾದಲ್ಲಿದ್ದ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಕಂಡುಹಿಡಿದರು. ಸಮೋವಾದ ಕಡೆಯ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ. ಒಡೆದು ಬಿಸಾಡಿದ ತೆಂಗಿನ ಚಿಪ್ಪಿನ ನೀರು ಸಾಕು ಅದಕ್ಕೆ ಮರಿಮಾಡಲು. ರಾತ್ರಿ ಪರದೆ ಕಟ್ಟಿ ಫಲವೇನು?

ಸಮೋವಾ 1965ರಿಂದಲೇ ಊರಿಗೆಲ್ಲ ಮಾತ್ರೆ ಹಂಚಿತ್ತು. ರೋಗ ತಗ್ಗಿತು, ಮತ್ತೆ ಹೆಚ್ಚಿತು. ಜನ ದ್ವೀಪದಿಂದ ದ್ವೀಪಕ್ಕೆ ಓಡಾಡುವಾಗ ಒಬ್ಬರೇ ಗುಡಿಸಿದರೆ ಅಂಗಳ ಚೊಕ್ಕಟವಾದೀತೇ? 1997ರಲ್ಲಿ ವಿಶ್ವ ಆರೋಗ್ಯ ಸಭೆ ಈ ರೋಗವನ್ನು ನಿರ್ಮೂಲ ಮಾಡಬೇಕೆಂದು ತೀರ್ಮಾನಿಸಿತು. 1999ರಲ್ಲಿ ಅಲ್ಲಿನ 22 ದೇಶ, ಪ್ರಾಂತ್ಯಗಳು ಪ್ಯಾಕ್‌ಎಲ್ಫ್ ಎಂಬ ಯೋಜನೆಯಡಿ ಕೈಜೋಡಿಸಿದವು. ಒಂದೇ ಬಗೆಯ ಪರೀಕ್ಷೆ, ಒಂದೇ ಬಗೆಯ ಔಷಧಿ. ರೋಗವಿದ್ದ ಕಡೆ ವರ್ಷಕ್ಕೊಮ್ಮೆ, ಕನಿಷ್ಠ ಐದು ವರ್ಷ, ಡಿಇಸಿ ಮತ್ತು ಆಲ್ಬೆಂಡಜೋಲ್.

ಎರಡನೆಯದು ನಮಗೆ ಹೊಸದಲ್ಲ. ಜಂತುಹುಳುವಿಗೆಂದು ಶಾಲೆಯಲ್ಲಿ ಕೊಡುವ ಮಾತ್ರೆಯೇ. "ಮಗು ಚೆನ್ನಾಗಿಯೇ ಇದೆಯಲ್ಲ ಟೀಚರ್, ಮಾತ್ರೆ ಯಾಕೆ?" ಎಂದು ತಾಯಂದಿರು ನನ್ನನ್ನು ಕೇಳುವುದುಂಟು. ಅಲ್ಲಿಯೂ ದೊಡ್ಡ ಕೆಲಸ ಇದೇ ಆಗಿತ್ತು: ಚೆನ್ನಾಗಿರುವವರಿಗೆ ಮಾತ್ರೆ ನುಂಗಿಸುವುದು. ಕಾಲು ಊದದವರ ರಕ್ತದಲ್ಲೂ ಹುಳುವಿನ ಮರಿಗಳಿರಬಹುದು.

ಫಲ ಬಂತು. 2016ರಲ್ಲಿ ಕುಕ್ ದ್ವೀಪಗಳು, ನಿಯುವೆ, ವನುವಾಟು. 2017ರಲ್ಲಿ ಟೊಂಗಾ, ಮಾರ್ಷಲ್ ದ್ವೀಪಗಳು. 2019ರಲ್ಲಿ ಕಿರಿಬಾಟಿ ಗೆದ್ದವು. ಆದರೆ ಅಮೆರಿಕನ್ ಸಮೋವಾದಲ್ಲಿ 2011, 2015ರ ಸಮೀಕ್ಷೆಗಳು ತೃಪ್ತಿಕರವೆನಿಸಿದ ಮೇಲೂ 2016ರಲ್ಲಿ ರೋಗ ಹರಡುತ್ತಿರುವುದು ಕಂಡಿತು. ಸಮೋವಾ 2018ರಲ್ಲಿ ಮೂರು ಔಷಧಿಗಳನ್ನು ಒಟ್ಟಿಗೆ ದೇಶಕ್ಕೆಲ್ಲ ಹಂಚಬೇಕಾಯಿತು.

ಇನ್ನೊಂದು ಮಾತು. ಹೊಸಬರಿಗೆ ಹರಡುವುದು ನಿಂತರೂ ಬಹುಕಾಲದಿಂದ ಊದಿದ ಕಾಲು ಮಾತ್ರೆಯಿಂದ ಮೊದಲಿನಂತಾಗುವುದಿಲ್ಲ. ದಿನವೂ ಸೋಪು ಹಚ್ಚಿ ತೊಳೆದು, ಬೆರಳ ಸಂದುಗಳನ್ನು ಒರಸಿ, ಕಾಲೆತ್ತಿಟ್ಟು ಕೂರಬೇಕು. ದೇಶ ಗೆದ್ದಿತೆಂದು ಒಪ್ಪುವ ಮೊದಲು ಇಂಥವರ ಆರೈಕೆಗೆ ಏನು ಏರ್ಪಾಡಿದೆ ಎಂದೂ ವಿಶ್ವ ಆರೋಗ್ಯ ಸಂಸ್ಥೆ ಕೇಳುತ್ತದೆ. ಆ ಕಾಲು ತೊಳೆಯುವ ಕೆಲಸ ಮನೆಯಲ್ಲಿ ಯಾರ ಪಾಲಿಗೆ ಬರುತ್ತದೆಂದು ನಮಗೆ ಗೊತ್ತೇ ಇದೆ.