‘ಎಂಕ’: ಒಂದು ಹೆಸರಿನ ಚರಿತ್ರೆ ಮತ್ತು ಕರೋಕೆಯ ಪಠ್ಯ

ಸಾರಾಂಶ: ಜಪಾನಿನ ‘ಎಂಕ’ ಗೀತೆಗಳನ್ನು ಆ ಜನತೆಯ ಪ್ರಾಚೀನ ಹೃದಯಧ್ವನಿಯೆಂದು ಬಣ್ಣಿಸುವುದು ರೂಢಿ. ಹೆಸರಿನ ಅರ್ಥಪಲ್ಲಟ, ಗೀತೆಗಳ ಮಾತ್ರಾವಿನ್ಯಾಸ ಮತ್ತು ಕರೋಕೆ ಪರದೆಯ ಲಿಪಿಪದ್ಧತಿಗಳ ಮೂಲಕ ಈ ಲೇಖನವು ಆ ಪ್ರಾಚೀನತೆಯನ್ನು ಪರೀಕ್ಷಿಸುತ್ತದೆ.

ಕೀಲಿಪದಗಳು: ಎಂಕ, ಕರೋಕೆ, ಮಾತ್ರೆ, ಸಮಧ್ವನಿ ಪದ, ಪಾತ್ರಭಾಷೆ

1. ಹೆಸರಿನ ಮೂರು ಬರಹಗಳು

ಒಂದು ಗೀತಪ್ರಕಾರದ ಹೆಸರು ಹಳೆಯದಾದ ಮಾತ್ರಕ್ಕೆ ಆ ಪ್ರಕಾರವೂ ಹಳೆಯದಾಗುವುದಿಲ್ಲ. ‘ಎಂಕ’ ಇದಕ್ಕೆ ಸ್ಪಷ್ಟ ನಿದರ್ಶನ. ಈ ಪದವು ಮೇಜಿ ಯುಗದ 1880ರ ದಶಕದಲ್ಲಿ, ಸ್ವಾತಂತ್ರ್ಯ ಮತ್ತು ಜನಹಕ್ಕುಗಳ ಚಳವಳಿಯ ನಡುವೆ ರೂಢಿಗೆ ಬಂದಿತು. 1880ರ ಸಭಾ ನಿಯಂತ್ರಣ ಶಾಸನವು ರಾಜಕೀಯ ಭಾಷಣಗಳನ್ನು ಬಿಗಿಯಾಗಿ ಕಟ್ಟಿಹಾಕಿದಾಗ ಚಳವಳಿಗಾರರು ಭಾಷಣದ ವಸ್ತುವನ್ನು ಹಾಡಾಗಿಸಿ ಬೀದಿಗೆ ತಂದರು. ಫುಕುಜಾವಾ ಯುಕಿಚಿ ಪ್ರಚಾರಕ್ಕೆ ತಂದ ‘ಎಂಜೆತ್ಸು’, ಅಂದರೆ ಸಾರ್ವಜನಿಕ ಭಾಷಣ, ಎಂಬ ಪದದ ಪೂರ್ವಾರ್ಧವೇ ಇಲ್ಲಿನ ‘ಎನ್’. ‘ಕ’ ಎಂದರೆ ಹಾಡು. ಹಾಗಾಗಿ ಮೂಲದಲ್ಲಿ ಎಂಕವೆಂದರೆ ಭಾಷಣಗೀತೆ. ಅದರಲ್ಲಿ ವಿರಹವಾಗಲಿ ಮದಿರೆಯಾಗಲಿ ಪ್ರಧಾನವಾಗಿರಲಿಲ್ಲ, ಸರ್ಕಾರದ ವಿಡಂಬನೆಯಿತ್ತು. ಸೊಎದಾ ಅಜೆಂಬೊ (1872–1944) ಮೊದಲಾದ ‘ಎಂಕಶಿ’ಗಳು, ಅಂದರೆ ಬೀದಿಗಾಯಕರು, ಹಾಡಿನ ಮುದ್ರಿತ ಹಾಳೆಗಳನ್ನು ಮಾರಿ ಜೀವನ ಸಾಗಿಸಿದರು.

ಜಪಾನೀ ಭಾಷೆಯಲ್ಲಿ ಚೀನೀಮೂಲದ ಸಮಧ್ವನಿ ಪದಗಳು ಹೇರಳ. ಆದ್ದರಿಂದ ಉಚ್ಚಾರಣೆಯನ್ನು ಉಳಿಸಿಕೊಂಡು ಲಿಪಿಚಿಹ್ನೆಯನ್ನಷ್ಟೇ ಬದಲಿಸಿ ಅರ್ಥವನ್ನು ಹೊರಳಿಸುವುದು ಸಾಧ್ಯ. ಭಾಷಣವನ್ನು ಸೂಚಿಸುವ ಚಿಹ್ನೆಯ ಸ್ಥಾನದಲ್ಲಿ ‘ಮೋಹಕತೆ’ಯನ್ನು ಸೂಚಿಸುವ ಚಿಹ್ನೆಯನ್ನಿಟ್ಟು ಎಂಕವನ್ನು ಬರೆಯುವ ಪದ್ಧತಿಯೂ ಬಂದಿತು, ಇತ್ಸುಕಿ ಹಿರೊಯುಕಿ 1966ರಲ್ಲಿ ತನ್ನ ಕಥನಕ್ಕಿಟ್ಟ ಶೀರ್ಷಿಕೆ ಈ ಬರಹದ್ದು. 1969ರಲ್ಲಿ ರಂಗಕ್ಕೆ ಬಂದ ಫುಜಿ ಕೆಇಕೊಳ ಗಾಯನವನ್ನು ವರ್ಣಿಸಲು ಆತನೇ ‘ಒಡಲುರಿ’ಯನ್ನು ಸೂಚಿಸುವ ಮೂರನೆಯ ಚಿಹ್ನೆಯನ್ನು ಬಳಸಿದನು. ಭಾಷಣ, ಮೋಹ, ಒಡಲುರಿ ಎಂಬ ಮೂರೂ ಕಿವಿಗೆ ಒಂದೇ. ಇಂದು ರೂಢಿಯಲ್ಲಿ ನಿಂತಿರುವುದು ಭಾಷಣದ ಚಿಹ್ನೆ. ಅದು ಹೊತ್ತಿರುವುದಾದರೋ ಉಳಿದೆರಡರ ಅರ್ಥ.

2. ಹಿಂದಿನಿಂದ ಕಟ್ಟಿದ ಪರಂಪರೆ

ಈ ನಡುವಿನ ಕಾಲದಲ್ಲಿ, ಧ್ವನಿಮುದ್ರಣ ಸಂಸ್ಥೆಗಳು ಬಂದಮೇಲೆ, ಜನಪ್ರಿಯ ಗೀತೆಗಳಿಗೆ ‘ರ್ಯೂಕೋಕ’, ಮುಂದೆ ‘ಕಯೋಕ್ಯೊಕು’ ಎಂಬ ಹೆಸರುಗಳು ಚಲಾವಣೆಯಲ್ಲಿದ್ದವು. ಕೊಗಾ ಮಸಾಒ (1904–1978) ಸ್ವರಸಂಯೋಜಿಸಿದ 1931ರ ‘ಸಕೆ ವಾ ನಮಿದ ಕ ತಮೆಇಕಿ ಕ’ ಹೊರಬಂದಾಗ ಅದು ರ್ಯೂಕೋಕವೇ ಆಗಿತ್ತು. ಎಂಕದ ಆದಿಕೃತಿಗಳಲ್ಲಿ ಅದನ್ನು ಎಣಿಸಿದ್ದು ಅನಂತರದವರು. ‘ಎಂಕದ ರಾಣಿ’ ಎನಿಸಿದ ಮಿಸೊರ ಹಿಬರಿ (1937–1989) ಬಾಲ್ಯದಲ್ಲಿ ಹಾಡಿದ ಪ್ರಸಿದ್ಧ ಗೀತೆಗಳಲ್ಲಿ ಅಮೆರಿಕದ ಬೂಗಿ ಲಯದವೂ ಇದ್ದವು. ಇಂದಿನ ಅರ್ಥದ ಎಂಕವು 1960ರ ದಶಕದ ಕೊನೆಯಲ್ಲಿ, ರಾಕ್ ಮತ್ತು ಜನಪದ ಶೈಲಿಯ ಹೊಸ ಗೀತೆಗಳೆದುರು, ‘ಹಳತು’ ಎಂಬ ವರ್ಗವಾಗಿ ರೂಪುಗೊಂಡಿತೆಂದು ವಾಜಿಮಾ ಯೂಸುಕೆ 2010ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಹೆಸರಿನ ಇತಿಹಾಸವು ಈ ವಾದಕ್ಕೆ ಪೋಷಕವಾಗಿದೆ ಎಂಬುದು ನಮ್ಮ ಅಭಿಪ್ರಾಯ. ಎಂಕದಲ್ಲಿ ವಿಶಿಷ್ಟವೆನಿಸುವ, ನಾಲ್ಕನೆಯ ಮತ್ತು ಏಳನೆಯ ಸ್ವರಗಳನ್ನು ವರ್ಜಿಸುವ ‘ಯೊನಾನುಕಿ’ ಶ್ರೇಣಿಯ ಹೆಸರೇ ಪಾಶ್ಚಾತ್ಯ ಸಪ್ತಸ್ವರವನ್ನು ಅಳತೆಗೋಲಾಗಿ ಹಿಡಿದಿದೆ. ಅದರ ಮೇಜರ್ ರೂಪದ ಐದು ಸ್ವರಗಳು ನಮ್ಮ ಮೋಹನ ರಾಗದವೇ.

3. ಕರೋಕೆ: ಪದ ಮತ್ತು ಯಂತ್ರ

ಈ ವರ್ಗವು ನೆಲೆಗೊಂಡ ವರ್ಷಗಳಲ್ಲಿಯೇ ಕರೋಕೆಯೂ ಹರಡಿತು. ‘ಕರ’ ಎಂಬ ದೇಶ್ಯಪದಕ್ಕೆ ‘ಬರಿದು’ ಎಂದರ್ಥ. ‘ಒಕೆ’ಯು ‘ಓಕೆಸುತೊರ’, ಅಂದರೆ ಆರ್ಕೆಸ್ಟ್ರಾ, ಎಂಬ ಎರವಲಿನ ಮೊಟಕು ರೂಪ. ನಮ್ಮ ವೈಯಾಕರಣರ ಅರಿಸಮಾಸವನ್ನು ನೆನಪಿಸುವ ಈ ಮಿಶ್ರಪದದಲ್ಲಿ ಎರಡು ಮಾತ್ರೆಗೆ ಎರಡು ಮಾತ್ರೆ ಕೂಡಿ ಒಟ್ಟು ನಾಲ್ಕಾಗುತ್ತವೆ. ಜಪಾನೀ ಭಾಷೆಯ ಮೊಟಕು ಸಮಾಸಗಳು ಬಯಸುವ ಅಳತೆಯೂ ಇದೇ. ಅದಕ್ಕಾಗಿ ಮೂಲದ ದೀರ್ಘ ‘ಓ’ ಹ್ರಸ್ವವಾಗಿದೆ. ವೃತ್ತಿನಿರತರ ಪರಿಭಾಷೆಯಾಗಿದ್ದ ಈ ಪದವನ್ನು ಯಂತ್ರವು ಲೋಕಕ್ಕೆ ತಂದಿತು. 1971ರಲ್ಲಿ ಕೋಬೆ ನಗರದ ಇನೊಉಎ ದಾಇಸುಕೆ ಪಾನಗೃಹಗಳಿಗೆ ಇಂಥ ಯಂತ್ರವನ್ನು ಬಾಡಿಗೆಗೆ ಒದಗಿಸಿದನು; ಹಕ್ಕುಸ್ವಾಮ್ಯ ಪಡೆಯಲಿಲ್ಲ. ಪಾನಗೃಹದ ನಡುವಯಸ್ಸಿನ ಗಿರಾಕಿಗೆ ಒಪ್ಪುವ ಹಾಡು ಎಂಕವಾಗಿತ್ತು. ಇಶಿಕಾವ ಸಯುರಿಯ ‘ತ್ಸುಗರು ಕಾಇಕ್ಯೊ ಫುಯುಗೆಶಿಕಿ’ (1977), ಹೊಸೊಕಾವ ತಕಾಶಿಯ ‘ಕಿತಸಕಾಬ’ (1982) ಮುಂತಾದವು ಇಂದಿಗೂ ಕರೋಕೆಯ ನೆಚ್ಚಿನ ಹಾಡುಗಳು. ಮೊದಲನೆಯದರ ಹಿನ್ನೆಲೆಯಾದ ಆಒಮೊರಿ–ಹಾಕೊದಾತೆ ರೈಲುದೋಣಿ ಸೇವೆ 1988ರಲ್ಲಿ, ಸಮುದ್ರದಡಿಯ ಸುರಂಗ ತೆರೆದಾಗ, ನಿಂತುಹೋಯಿತು, ಹಾಡು ನಿಲ್ಲಲಿಲ್ಲ.

4. ಹಾಡುವವನ ಭಾಷೆ

ಇಂಥ ಹಾಡುಗಳು ಸಾಮಾನ್ಯ ಕಂಠಕ್ಕೆ ಒಲಿಯುವುದಕ್ಕೆ ಭಾಷಿಕ ಕಾರಣಗಳುಂಟು. ಮೊದಲನೆಯದು ಛಂದಸ್ಸು. ಕೊಗಾ ಗೀತೆಯ ಶೀರ್ಷಿಕೆಯೇ ಏಳು ಮತ್ತು ಐದು ಮಾತ್ರೆಗಳ ಪಾದ: ಸ-ಕೆ-ವಾ-ನ-ಮಿ-ದ-ಕ, ತ-ಮೆ-ಇ-ಕಿ-ಕ. (‘ವಾ’ ಇಲ್ಲಿ ಒಂದೇ ಮಾತ್ರೆ.) ಸಾಮಾನ್ಯವಾಗಿ ಪ್ರತಿ ಮಾತ್ರೆಗೂ ಒಂದು ಸ್ವರ ದೊರೆಯುತ್ತದೆ. ‘ಎಂಕ’ ಎಂಬುದನ್ನೇ ಅಳೆಯೋಣ. ಕನ್ನಡದಲ್ಲಿ ಗುರು, ಲಘು ಸೇರಿ ಮೂರು ಮಾತ್ರೆ. ಜಪಾನೀ ಭಾಷೆಯಲ್ಲಿಯೂ ಮೂರೇ. ಆದರೆ ಕನ್ನಡದಲ್ಲಿ ಅನುಸ್ವಾರವು ತನ್ನ ಹಿಂದಿನ ಅಕ್ಷರವನ್ನು ಗುರುವಾಗಿಸಿ ಅದರಲ್ಲಿಯೇ ಅಡಗುತ್ತದೆ. ಜಪಾನೀ ಬರಹದಲ್ಲಿ ಅದಕ್ಕೆ ಸ್ವತಂತ್ರ ಅಕ್ಷರವಿದೆ, ಗಾಯನದಲ್ಲಿ ಸ್ವತಂತ್ರ ಸ್ವರವೂ ದೊರೆಯಬಲ್ಲದು. ಈ ನೇರವಾದ ಹಂದರದ ಮೇಲೆ ‘ಕೊಬುಶಿ’ ಎಂಬ, ಗಮಕವನ್ನು ಹೋಲುವ ಸ್ವರಕಂಪನ ಹಬ್ಬುತ್ತದೆ. ಇಂದಿನ ಅಂಕ ನೀಡುವ ಯಂತ್ರಗಳು ಕೊಬುಶಿ ಎಷ್ಟು ಬಾರಿ ಬಂದಿತೆಂದು ಎಣಿಸಿ ತೋರಿಸುತ್ತವೆ.

ಎರಡನೆಯದು ಪಾತ್ರಭಾಷೆ. ಕನ್ನಡದ ‘ಅಳುತ್ತೇನೆ’ಯಂತೆಯೇ ಜಪಾನೀ ಕ್ರಿಯಾಪದವೂ ಉತ್ತಮ ಪುರುಷದಲ್ಲಿ ಲಿಂಗವನ್ನು ಸೂಚಿಸುವುದಿಲ್ಲ, ಆ ಕೆಲಸವನ್ನು ಸರ್ವನಾಮಗಳೂ ವಾಕ್ಯಾಂತ್ಯದ ಅವ್ಯಯಗಳೂ ಮಾಡುತ್ತವೆ. 1966ರಲ್ಲಿ ಮೊರಿ ಶಿನ್‌ಇಚಿ ‘ಒನ್ನ ನೊ ತಮೆಇಕಿ’ (ಹೆಣ್ಣಿನ ನಿಟ್ಟುಸಿರು) ಎಂಬ ಗೀತೆಯಿಂದ ರಂಗಕ್ಕೆ ಬಂದನು. ಪುರುಷನು ಸ್ತ್ರೀಯ ನುಡಿಯಲ್ಲಿ ಹಾಡುವುದು ಎಂಕದಲ್ಲಿ ಸಹಜ. ಆದರೆ ಈ ‘ಸ್ತ್ರೀನುಡಿ’ ಆಡುಮಾತಿನ ಪ್ರತಿಬಿಂಬವಲ್ಲ. ಕಿನ್ಸುಇ ಸತೊಶಿ ‘ಯಾಕುವರಿಗೊ’ (ಪಾತ್ರಭಾಷೆ) ಎಂದು ಹೆಸರಿಸಿದ, ಕಥನಗಳು ರೂಢಿಗೊಳಿಸಿದ ಪ್ರತಿಮೆ. ಆಡದ ಮಾತನ್ನು ಗಂಡಸರೂ ಹೆಂಗಸರೂ ಇರುಳಿರುಳೂ ಹಾಡುವುದರಿಂದ ಅದು ‘ಸ್ವಾಭಾವಿಕ’ ಸ್ತ್ರೀನುಡಿಯೆಂದು ಕೇಳಿಸತೊಡಗುತ್ತದೆ.

ಮೂರನೆಯದು ಪರದೆ. ಸಾಹಿತ್ಯದ ಅಕ್ಷರಗಳು ಹಾಡಿನ ನಡೆಗೆ ತಕ್ಕಂತೆ ಬಣ್ಣ ಬದಲಿಸುತ್ತವೆ. ಚೀನೀಮೂಲದ ಚಿಹ್ನೆಗಳ ಮೇಲೆ ಉಚ್ಚಾರಣೆ ಕಿರಿದಾಗಿ ಮೂಡುತ್ತದೆ. ಇಲ್ಲಿ ಬರಹ ಮತ್ತು ಓದು ಬೇರ್ಪಡಬಹುದು: ‘ಹೆಣ್ಣು’ ಎಂದು ಬರೆದು ‘ಹಿತೊ’ (ವ್ಯಕ್ತಿ) ಎಂದು, ‘ಉಂಮೆಇ’ (ವಿಧಿ) ಎಂದು ಬರೆದು ‘ಸದಮೆ’ ಎಂಬ ದೇಶ್ಯಪದವಾಗಿ ಹಾಡಿಸುವುದುಂಟು. ಧ್ವನಿಮುದ್ರಣವನ್ನಷ್ಟೇ ಕೇಳುವವನಿಗೆ ದಕ್ಕದ ಈ ದ್ವಿತ್ವ ಕರೋಕೆಯಲ್ಲಿ ಹಾಡುವವನ ಕಣ್ಣಮುಂದಿರುತ್ತದೆ.

5. ಸಮಾರೋಪ

ಮೇಜಿ ಯುಗದ ಎಂಕಕ್ಕೂ ಇಂದಿನದಕ್ಕೂ ವಸ್ತುವಿನಲ್ಲಿಯಾಗಲಿ ಭಾವದಲ್ಲಿಯಾಗಲಿ ಅವಿಚ್ಛಿನ್ನತೆಯನ್ನು ಸ್ಥಾಪಿಸುವುದು ಕಷ್ಟ. ‘ಜಪಾನೀಯರ ಹೃದಯ’ ಎಂಬ ಮಾತು ಒಂದು ಪೀಳಿಗೆಯ ಅಭಿರುಚಿಯನ್ನು ಜನಾಂಗದ ಸ್ವಭಾವವನ್ನಾಗಿಸುತ್ತದೆ. ಅಮೆರಿಕದ ಪಿಟ್ಸ್‌ಬರ್ಗಿನ ಜೆರೊ 2008ರಲ್ಲಿ ‘ಉಮಿಯುಕಿ’ಯನ್ನು ಹಾಡಿ ಜನಮನ್ನಣೆ ಪಡೆದುದನ್ನು ಆ ಮಾತು ವಿವರಿಸಲಾರದು, ಕಲಿಯಬಲ್ಲ ಭಾಷಿಕ ಸಂಪ್ರದಾಯವೆಂದು ಎಂಕವನ್ನು ಗ್ರಹಿಸಿದರೆ ವಿವರಣೆ ಸುಲಭ. ಉಳಿದಿರುವ ಒಂದೇ ಎಳೆಯೆಂದರೆ ಪಠ್ಯದ ಹಸ್ತಾಂತರ. ಎಂಕಶಿಯು ಮಾರಿದ ಹಾಳೆಯಾಗಲಿ ಕರೋಕೆಯ ಪರದೆಯಾಗಲಿ, ಎರಡೂ ಕೇಳುಗನ ಕೈಗೆ ಸಾಹಿತ್ಯವನ್ನಿತ್ತು ಅವನನ್ನು ಹಾಡುಗನಾಗಿಸುತ್ತವೆ. ಗೀತಪ್ರಕಾರಗಳ ಚರಿತ್ರೆಯನ್ನು ಬರೆಯುವ ಭಾಷಾಶಾಸ್ತ್ರಜ್ಞರು ಹೆಸರು, ಸ್ವರಗಳ ಜೊತೆಗೆ ಪಠ್ಯವು ಯಾರ ಕೈಗೆ, ಯಾವ ಲಿಪಿರೂಪದಲ್ಲಿ ತಲುಪಿತೆಂಬುದನ್ನೂ ಪರಿಶೀಲಿಸಬೇಕೆಂದು ನಾವು ಸೂಚಿಸುತ್ತೇವೆ.